ಮಾಲೀಕರು ಬದಲಾದರು, ದಾರಿ ಉಳಿಯಿತು: ಕ್ಯೂಟ್ ತಂತ್ರಾಂಶದ ಕಥೆ

ಹೊಲದ ದಾರಿಯ ಜಗಳ ನೋಡದ ಊರಿಲ್ಲ. ಅಜ್ಜಂದಿರ ಕಾಲದಲ್ಲಿ ಪಕ್ಕದವರ ಬದುವಿನ ಮೇಲೆ ಗಾಡಿ ಹೊಡೆದುಕೊಂಡು ಹೋದರೂ ಯಾರೂ ಕೇಳುತ್ತಿರಲಿಲ್ಲ. ಆ ಹೊಲ ಮಾರಾಟವಾಗಿ ಹೊಸಬರು ಬೇಲಿ ಹಾಕಿದ ದಿನ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಪತ್ರದಲ್ಲಿ ದಾರಿ ಬರೆದಿದೆಯಾ?

ಕಂಪ್ಯೂಟರ್ ಲೋಕದಲ್ಲೂ ಹೀಗೆ ಪತ್ರ ಮಾಡಿಸಿಕೊಂಡು ದಾರಿ ಉಳಿಸಿಕೊಂಡವರಿದ್ದಾರೆ.

1990ರ ಮಾತು. ನಾರ್ವೆಯ ಟ್ರಾಂಡ್‌ಹೈಮ್ ಎಂಬ ಊರಿನಲ್ಲಿ ಹಾವರ್ಡ್ ನಾರ್ಡ್, ಐರಿಕ್ ಚಾಂಬೆ-ಎಂಗ್ ಎಂಬ ಇಬ್ಬರಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಚಿತ್ರಗಳನ್ನು ಜೋಡಿಸಿಡುವ ತಂತ್ರಾಂಶ ಬರೆಯುವ ಕೆಲಸ ಸಿಕ್ಕಿತ್ತು. ಅದು ಯುನಿಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಓಡಬೇಕು. ಮೂರು ಸಲ ಬರೆಯುವ ಬದಲು ಬಟನ್ನು, ಮೆನು, ಕಿಟಕಿಗಳನ್ನೆಲ್ಲ ಒಮ್ಮೆ ಮಾಡಿಟ್ಟು ಎಲ್ಲ ಕಡೆ ಕೂರಿಸುವ ಚೌಕಟ್ಟು ಕಟ್ಟಿದರೆ ಹೇಗೆ ಎಂದು ಯೋಚಿಸಿದರು. ಇಂಥ ಚೌಕಟ್ಟಿಗೇ ಫ್ರೇಮ್‌ವರ್ಕ್ ಎನ್ನುತ್ತಾರೆ. 1994ರಲ್ಲಿ ಅವರ ಕಂಪನಿ ಶುರುವಾಯಿತು, ಮುಂದೆ ಅದಕ್ಕೆ ಟ್ರೋಲ್‌ಟೆಕ್ ಎಂಬ ಹೆಸರು ಬಂತು. 1995ರ ಮೇ ತಿಂಗಳಲ್ಲಿ ಚೌಕಟ್ಟು ಜನರ ಕೈಗೆ ಸಿಕ್ಕಿತು. ಅದೇ ಕ್ಯೂಟ್.

ಮರುವರ್ಷ ಜರ್ಮನಿಯ ವಿದ್ಯಾರ್ಥಿ ಮತ್ತಿಯಾಸ್ ಎಟ್ರಿಚ್, ಲಿನಕ್ಸ್ ಕಂಪ್ಯೂಟರ್ ಸಾಮಾನ್ಯರಿಗೂ ಬಳಸಲು ಬರುವಂತಾಗಬೇಕು ಎಂದು ಕೆಡಿಇ ಯೋಜನೆ ಆರಂಭಿಸಿದ. ಅದಕ್ಕೆ ಅವನು ಆರಿಸಿಕೊಂಡಿದ್ದು ಕ್ಯೂಟ್. ಅಲ್ಲೇ ತಕರಾರು ಎದ್ದಿತು. ಕ್ಯೂಟ್ ಆಗ ಪುಕ್ಕಟೆ ಸಿಗುತ್ತಿತ್ತು, ಆದರೆ ತಿದ್ದಿ ಹಂಚುವ ಹಕ್ಕಿರಲಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಇನ್ನೊಬ್ಬರ ಜಾಗದಲ್ಲಿ ಮನೆ ಕಟ್ಟುತ್ತಿದ್ದೀರಿ ಎಂದು ಲಿನಕ್ಸ್ ಬಳಗದಲ್ಲೇ ಹಲವರು ಸಿಟ್ಟಾದರು. 1997ರಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಜಾ ಮತ್ತು ಗೆಳೆಯರು ಜಿಟಿಕೆ ಎಂಬ ಮುಕ್ತ ಚೌಕಟ್ಟಿನ ಮೇಲೆ ಗ್ನೋಮ್ ಎಂಬ ಎದುರಾಳಿಯನ್ನೇ ಶುರು ಮಾಡಿದರು. ಉಬುಂಟು ಹಾಕಿರುವ ಕಂಪ್ಯೂಟರಿನಲ್ಲಿ ಇಂದು ಕಾಣುವ ಪರದೆ ಗ್ನೋಮ್‌ನದು. ಅದರ ಹುಟ್ಟು ಈ ಜಗಳದಲ್ಲಿ.

ಕೆಡಿಇಯವರು ಜಗಳ ಬಿಟ್ಟು ಪತ್ರ ಮಾಡಿಸಿಕೊಂಡರು. 1998ರಲ್ಲಿ ಕಂಪನಿ ಮತ್ತು ಕೆಡಿಇ ಸೇರಿ ಒಂದು ಪ್ರತಿಷ್ಠಾನ ಕಟ್ಟಿದವು. ಕಂಪನಿ 12 ತಿಂಗಳ ಕಾಲ ಕ್ಯೂಟ್‌ನ ಮುಕ್ತ ಆವೃತ್ತಿ ಕೊಡದೆ ಹೋದರೆ, ಯಾರು ಬೇಕಾದರೂ ಬಳಸುವಂತೆ ಅದನ್ನು ಬಿಡುಗಡೆ ಮಾಡುವ ಹಕ್ಕು ಪ್ರತಿಷ್ಠಾನಕ್ಕೆ ಬರುತ್ತದೆ. ಮಂಡಳಿಯಲ್ಲಿ ಎರಡೂ ಕಡೆಯ ಇಬ್ಬಿಬ್ಬರು, ಮತ ಸಮವಾದರೆ ಕೆಡಿಇ ಹೇಳಿದ್ದೇ ನಡೆಯಬೇಕು. ಕಂಪನಿ ಮಾರಾಟವಾದರೂ ದಿವಾಳಿಯಾದರೂ ಒಪ್ಪಂದ ಸಾಯುವುದಿಲ್ಲ. ನಾರ್ವೆಯ ಆ ಹುಡುಗರು ಇದಕ್ಕೆ ಸಹಿ ಹಾಕಿದ್ದು ದೊಡ್ಡ ಮನಸ್ಸೇ ಸರಿ. 2000ದಲ್ಲಿ ಕ್ಯೂಟ್ ಲಿನಕ್ಸ್‌ಗೆ ಜಿಪಿಎಲ್ ಎಂಬ ಪೂರ್ತಿ ಮುಕ್ತ ಪರವಾನಗಿಯಲ್ಲೇ ಬಂತು.

ಪತ್ರ ಕೆಲಸಕ್ಕೆ ಬಂದದ್ದು ಆಮೇಲೆ. 2008ರಲ್ಲಿ ಟ್ರೋಲ್‌ಟೆಕ್ಕನ್ನು ನೋಕಿಯಾ ಕೊಂಡಿತು. ನಮ್ಮ ಮನೆಗಳಲ್ಲಿದ್ದ ಬಟನ್ ಫೋನಿನ ಅದೇ ನೋಕಿಯಾ. ತನ್ನ ಮುಂದಿನ ಫೋನುಗಳಿಗೆ ಕ್ಯೂಟ್ ಬೇಕು ಎಂಬ ಲೆಕ್ಕ ಅದರದು. 2011ರ ಫೆಬ್ರವರಿಯಲ್ಲಿ ಅದೇ ನೋಕಿಯಾ ಮೈಕ್ರೋಸಾಫ್ಟ್ ಜೊತೆ ಕೈ ಜೋಡಿಸಿ ವಿಂಡೋಸ್ ಫೋನಿನ ಕಡೆ ಹೊರಳಿತು. ಕ್ಯೂಟ್ ಅನಾಥವಾಯಿತು ಎಂದೇ ಬಹಳ ಜನ ಅಂದುಕೊಂಡರು. ಮರುವರ್ಷ ಫಿನ್ಲೆಂಡಿನ ಡಿಜಿಯಾ ಅದನ್ನು ಕೊಂಡಿತು, ಮುಂದೆ ಅದರಿಂದ ಕ್ಯೂಟ್ ಕಂಪನಿಯೇ ಬೇರೆಯಾಯಿತು. ಮೂರು ಸಲ ಮನೆಯೊಡೆಯ ಬದಲಾದರೂ ಪತ್ರ ಹಾಗೇ ಇತ್ತು.

2020 ಸುಲಭದ ವರ್ಷವಾಗಿರಲಿಲ್ಲ. ದೀರ್ಘಕಾಲ ದುರಸ್ತಿ ಮಾಡಿಕೊಡುವ ಆವೃತ್ತಿಗಳು ಹಣ ಕೊಟ್ಟವರಿಗೆ ಮಾತ್ರ ಎಂದು ಜನವರಿಯಲ್ಲಿ ಕಂಪನಿ ಘೋಷಿಸಿತು. ಕೊರೋನಾ ಬಂದ ಮೇಲೆ, ಏಪ್ರಿಲ್‌ನಲ್ಲಿ, ಕೆಡಿಇ ಪ್ರತಿನಿಧಿಯೊಬ್ಬರು ಒಂದು ಸುದ್ದಿ ಹೊರಗಿಟ್ಟರು: ಎಲ್ಲ ಹೊಸ ಆವೃತ್ತಿಗಳನ್ನೂ ಮೊದಲ 12 ತಿಂಗಳು ಹಣ ಕೊಟ್ಟವರಿಗಷ್ಟೇ ಕೊಡುವ ಯೋಚನೆ ಕಂಪನಿಗಿದೆಯಂತೆ. ಹನ್ನೆರಡೇ ತಿಂಗಳು ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಬೇಲಿ ಹಾಕುವವರೂ ಮೊದಲು ಪತ್ರ ಓದಿರುತ್ತಾರೆ. ಗಲಾಟೆಯಾಯಿತು. ಮುಕ್ತ ತಂತ್ರಾಂಶಕ್ಕೆ ನಾವು ಬದ್ಧ ಎಂದು ಕಂಪನಿ ಹೇಳಿಕೆ ಕೊಟ್ಟಿತು. ಡಿಸೆಂಬರಿನಲ್ಲಿ ಬಂದ ಕ್ಯೂಟ್ 6 ಎಲ್ಲರಿಗೂ ಸಿಕ್ಕಿತು. ಹಳೆಯ 5.15ರ ದುರಸ್ತಿಯನ್ನು ಕೆಡಿಇಯವರು ತಾವೇ ಹೊತ್ತುಕೊಂಡರು.

ಫೋನಿನಲ್ಲಿ ಓದುವ ನಮಗೆ ಇದೆಲ್ಲ ಯಾಕೆ ಎಂದರೆ, ನಿಮ್ಮ ಕ್ರೋಮ್ ಬ್ರೌಸರನ್ನೇ ನೋಡಿ. ಕೆಡಿಇಯವರು ಕ್ಯೂಟ್ ಮೇಲೆ ಕೆಎಚ್‌ಟಿಎಂಎಲ್ ಎಂಬ ಪುಟ ತೋರಿಸುವ ಎಂಜಿನ್ ಬರೆದಿದ್ದರು. ಅದನ್ನು ಆಪಲ್ ತೆಗೆದುಕೊಂಡು ವೆಬ್‌ಕಿಟ್ ಮಾಡಿತು. ವೆಬ್‌ಕಿಟ್ಟಿನಿಂದ ಗೂಗಲ್ 2013ರಲ್ಲಿ ಬ್ಲಿಂಕ್ ಮಾಡಿಕೊಂಡಿತು. ಕ್ರೋಮ್‌ನಲ್ಲಿ ಈ ಪುಟ ತೆರೆದಿದ್ದರೆ ಈ ಅಕ್ಷರಗಳನ್ನು ಪರದೆಗೆ ತರುತ್ತಿರುವುದು ಅದರ ಮೊಮ್ಮಗ.

ಈಗ ಹೊಸ ಹುಡುಗರು ಹೆಚ್ಚಾಗಿ ಕೈ ಹಾಕುವುದು ಗೂಗಲ್‌ನ ಫ್ಲಟರ್‌ಗೆ. ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಎಲ್ಲಕ್ಕೂ ಒಂದೇ ಸಲ ಬರೆದರಾಯಿತು. ಉಬುಂಟು ಇನ್‌ಸ್ಟಾಲ್ ಮಾಡುವ ಪರದೆಗಳೂ ಅದರಲ್ಲೇ ಆಗಿವೆ. ಅದರ ಕೋಡ್ ಮುಕ್ತ, ಹೊರಗೆ ಬಂದದ್ದನ್ನು ಗೂಗಲ್ ವಾಪಸ್ ಕಿತ್ತುಕೊಳ್ಳಲಾರದು. ಆದರೆ ನಾಳೆ ಬರೆಯಬೇಕಾದ ಕೋಡ್‌ಗೆ ಕೆಡಿಇ ಮಾಡಿಸಿಕೊಂಡಂಥ ಪತ್ರವಿಲ್ಲ. 2024ರಲ್ಲಿ ಗೂಗಲ್ ಆ ತಂಡದ ಕೆಲವರನ್ನು ಮನೆಗೆ ಕಳಿಸಿತು. ಅದೇ ವರ್ಷ ಅಸಮಾಧಾನಗೊಂಡ ಕೆಲವರು ಫ್ಲಾಕ್ ಎಂಬ ಕವಲು ತೆಗೆದರು.