ಒಂದು ಬಾತುಕೋಳಿ, ಐದಾರು ಸಾವಿರ ಕುರಿಗಳು

ಡೊನಾಲ್ಡ್ ಡಕ್ ಹಡಗು ಎತ್ತಿದ ಕಥೆಯನ್ನು ನೀವೂ ಎಲ್ಲಾದರೂ ಓದಿರ್ತೀರಿ. ಇಮೇಲ್ ಫಾರ್ವರ್ಡುಗಳ ಕಾಲದಿಂದ ಸುತ್ತುತ್ತಿರುವ ಕಥೆ ಅದು. ಕುವೈತಿನಲ್ಲಿ ಒಂದು ಹಡಗು ಮಗುಚಿತಂತೆ. ಡೆನ್ಮಾರ್ಕಿನವನೊಬ್ಬ ಕಾಮಿಕ್ಸ್ ಪುಸ್ತಕ ನೋಡಿ, ಹಡಗಿನೊಳಗೆ ಚೆಂಡು ತುಂಬಿ ಮೇಲೆತ್ತಿದನಂತೆ. ಆಮೇಲೆ ಪೇಟೆಂಟ್ ಕೇಳಲು ಹೋದರೆ, "ಇದನ್ನ ಬಾತುಕೋಳಿ ಯಾವತ್ತೋ ಮಾಡಿದೆ, ಹೋಗಯ್ಯಾ" ಅಂತ ವಾಪಸ್ ಕಳಿಸಿದರಂತೆ...

ಇಷ್ಟೊಂದು ಅಂತೆ-ಕಂತೆ ಇರುವ ಕಥೆ ಪೂರ್ತಿ ಬುರುಡೆ ಇರಬೇಕು ಅನ್ನಿಸೋದು ಸಹಜ. ಆದರೆ ಇದರಲ್ಲಿ ಮುಕ್ಕಾಲು ಪಾಲು ನಿಜ. ಹಡಗು ನಿಜ, ಚೆಂಡು ನಿಜ, ಬಾತುಕೋಳಿಯೂ ನಿಜ. ನನಗೆ ಈ ಕಥೆ ಇಷ್ಟವಾಗಿದ್ದು ಮಾತ್ರ ಬಾತುಕೋಳಿಯ ದೆಸೆಯಿಂದಲ್ಲ. ಒಂದು ಊರಿನ ಕುಡಿಯುವ ನೀರಿನ ದೆಸೆಯಿಂದ.

ಕುವೈತಿಗೆ ನದಿಯಿಲ್ಲ, ಕೆರೆಯಿಲ್ಲ. ಬಾವಿ ತೋಡಿದರೆ ಬಹುಪಾಲು ಉಪ್ಪುನೀರು. ಎಣ್ಣೆ ಸಿಗುವ ಮೊದಲು ಅಲ್ಲಿಯ ಜನ ಕುಡಿಯುವ ನೀರನ್ನು ಹಾಯಿಹಡಗುಗಳಲ್ಲಿ ಇರಾಕಿನ ಶಾತ್ ಅಲ್ ಅರಬ್ ನದಿಯಿಂದ ತುಂಬಿ ತರುತ್ತಿದ್ದರು. ಅದೇ ಊರಿನ ದೊಡ್ಡ ಹಾಯಿಹಡಗುಗಳು ಖರ್ಜೂರ ಹೇರಿಕೊಂಡು ನಮ್ಮ ಪಡುವಣ ಕರಾವಳಿಗೂ ಬರುತ್ತಿದ್ದವು, ಹೋಗುವಾಗ ಮರಮುಟ್ಟು ಹೇರಿಕೊಂಡು ಹೋಗುತ್ತಿದ್ದವು. ಆ ಹಡಗುಗಳನ್ನು ಕಟ್ಟುತ್ತಿದ್ದ ತೇಗದ ಮರವೇ ಮಲಬಾರಿನದು. ನಂಟು ಎಷ್ಟಿತ್ತೆಂದರೆ, 1961ರಲ್ಲಿ ದಿನಾರ್ ಬರುವವರೆಗೂ ಕುವೈತಿನಲ್ಲಿ ಓಡುತ್ತಿದ್ದದ್ದು ರೂಪಾಯಿ!

ಎಣ್ಣೆಯ ದುಡ್ಡು ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಸಮುದ್ರದ ನೀರನ್ನು ಕಾಯಿಸಿ, ಆವಿ ಹಿಡಿದು, ಸಿಹಿನೀರು ಮಾಡುವ ಸ್ಥಾವರ ಕಟ್ಟಿದ್ದು. ಸರಕಾರದ ಮೊದಲ ದೊಡ್ಡ ಸ್ಥಾವರ ಶುರುವಾಗಿದ್ದು 1953ರಲ್ಲಿ, ಶುವೈಖ್‌ನಲ್ಲಿ. ಅಲ್ಲಿಂದ ಮುಂದೆ ಊರಿನ ಬಾಯಾರಿಕೆಗೆ ಸಮುದ್ರವೇ ಕೆರೆ. ಕೆರೆ ಕೆಟ್ಟರೆ ಊರು ಕೆಟ್ಟಿತು. ಇದು ಕುವೈತಿಗೂ ಅಷ್ಟೇ ಸತ್ಯ, ನಮಗೂ ಅಷ್ಟೇ.

1964ರಲ್ಲಿ ಆ ಕೆರೆಗೇ ಬಂತು ಆಪತ್ತು. 'ಅಲ್ ಕುವೈತ್' ಅನ್ನುವ ಸರಕು ಹಡಗು ಬಂದರಿನಲ್ಲಿ ಮಗುಚಿ ಮುಳುಗಿತು. ಒಳಗಿದ್ದ ಸರಕು ಜೀವಂತ ಕುರಿಗಳು. ಕೆಲವು ಕಡೆ ಐದು ಸಾವಿರ ಅಂತಿದೆ, ಕೆಲವು ಕಡೆ ಆರು ಸಾವಿರ. ನಮ್ಮ ಭಾಷೆಯಲ್ಲಿ ಐದಾರು ಸಾವಿರ ಅಂದರೆ ಜಗಳವಿಲ್ಲ. ಅವೆಲ್ಲ ಹಡಗಿನೊಳಗೇ ಸತ್ತವು. ಕೊಲ್ಲಿಯ ಬೆಚ್ಚನೆಯ ನೀರಿನಲ್ಲಿ ಐದಾರು ಸಾವಿರ ಹೆಣ ಕೊಳೆಯುವುದಕ್ಕೆ ಎಷ್ಟು ದಿನ ಬೇಕು? ಅದೇ ಬಂದರಿನ ನೀರನ್ನೇ ಸ್ಥಾವರ ಎಳೆದುಕೊಳ್ಳುತ್ತಿದ್ದದ್ದು.

ಈಗ ಹಡಗು ಎತ್ತಬೇಕು. ಎತ್ತೋದು ಹೇಗೆ?

ಮಗುಚಿದ ಹಡಗಿಗೆ ಹಳಬರಿಗೆ ಗೊತ್ತಿದ್ದ ಮದ್ದುಗಳು ಮೂರ್ನಾಲ್ಕು. ಒಂದು, ತೇಲುವ ಕ್ರೇನ್ ತಂದು ಸರಪಳಿ ಹಾಕಿ ಎತ್ತೋದು. ಎರಡು, ದಡದಲ್ಲಿ ವಿಂಚುಗಳನ್ನು ಹೂಡಿ ಹಗ್ಗ ಹಾಕಿ ಎಳೆದು ನೆಟ್ಟಗೆ ಹೊರಳಿಸೋದು. ಪರ್ಲ್ ಹಾರ್ಬರಿನಲ್ಲಿ ತಲೆಕೆಳಗಾಗಿದ್ದ 'ಒಕ್ಲಹೋಮ' ಯುದ್ಧನೌಕೆಯನ್ನು 1943ರಲ್ಲಿ 21 ವಿಂಚುಗಳಿಂದ ಹೀಗೇ ಹೊರಳಿಸಿದ್ದು. 2013ರಲ್ಲಿ ಇಟಲಿಯ 'ಕೋಸ್ಟಾ ಕಾಂಕಾರ್ಡಿಯಾ'ವನ್ನು ನೆಟ್ಟಗೆ ಮಾಡಿದ್ದೂ ಇದೇ ತತ್ತ್ವದಲ್ಲಿ. ಮೂರು, ತೂತುಗಳನ್ನೆಲ್ಲ ಮುಚ್ಚಿ ಒಳಗೆ ಗಾಳಿ ತುಂಬೋದು. ಯಾವುದೂ ಆಗದಿದ್ದರೆ ನಾಲ್ಕನೆಯದು, ಕಬ್ಬಿನ ಜಲ್ಲೆಯ ಹಾಗೆ ಕತ್ತರಿಸಿ ತುಂಡು ತುಂಡಾಗಿ ಸಾಗಿಸೋದು. 2019ರಲ್ಲಿ ಅಮೆರಿಕದ ಜಾರ್ಜಿಯಾ ತೀರದಲ್ಲಿ ಸುಮಾರು 4,200 ಕಾರುಗಳ ಸಮೇತ ಮಗುಚಿದ 'ಗೋಲ್ಡನ್ ರೇ' ಹಡಗನ್ನು ಎಂಟು ತುಂಡು ಮಾಡಿದರು. ಅದು ಮುಗಿಯೋಕೆ 2021ರ ಅಕ್ಟೋಬರ್ ಬಂತು.

ಕುವೈತಿನಲ್ಲಿ ಕತ್ತರಿಸೋ ಮಾತೇ ಇರಲಿಲ್ಲ. ಕ್ರೇನಿನ ಸರಪಳಿ ಬಿಗಿದು ಒಡಲು ಮುರಿದರೂ ಅಷ್ಟೇ, ಒಳಗಿದ್ದದ್ದೆಲ್ಲ ಹೊರಗೆ! ಯಾವುದನ್ನು ತಡೆಯಬೇಕು ಅಂತ ಹೊರಟಿದ್ದರೋ ಅದನ್ನೇ ಮಾಡಿದ ಹಾಗಾಗುತ್ತಿತ್ತು. ಗಾಳಿ ತುಂಬುವ ಉಪಾಯಕ್ಕೂ ತೊಡಕಿದೆ. ಗಾಳಿ ಸಣ್ಣ ಬಿರುಕು ಸಿಕ್ಕರೂ ಸಾಕು, ಸೋರಿ ಹೋಗುತ್ತೆ. ಹಡಗು ಮೇಲೇಳುತ್ತಾ ಬಂದಂತೆ ಒತ್ತಡ ಕಡಿಮೆಯಾಗಿ ಒಳಗಿನ ಗಾಳಿ ಹಿಗ್ಗುತ್ತೆ, ಎತ್ತರದ ಮೂಲೆಗೆ ಓಡಿ ಸೇರಿಕೊಳ್ಳುತ್ತೆ, ಹಡಗು ಎತ್ತಲೋ ವಾಲುತ್ತೆ.

ಇಲ್ಲಿ ಬರುತ್ತಾನೆ ಕಾರ್ಲ್ ಕ್ರೋಯರ್. ಡೆನ್ಮಾರ್ಕಿನ ಆರ್ಹೂಸ್ ಪಟ್ಟಣದವನು. ಹಡಗು ಎತ್ತುವುದು ಇವನ ಕಸುಬೇ ಅಲ್ಲ. ಗ್ಲೂಕೋಸ್ ತಯಾರಿ, ರಸ್ತೆಗೆ ಹಾಕುವ ಬಿಳಿ ಕೃತಕ ಕಲ್ಲು, ನೀರಿಲ್ಲದೆ ಕಾಗದ ಮಾಡುವ ವಿಧಾನ, ಹೀಗೆ ಕೈ ಹಾಕದ ಕ್ಷೇತ್ರವಿಲ್ಲ. ಅವನು ಹೇಳಿದ್ದು ಇಷ್ಟೇ: ಗಾಳಿಯನ್ನ ಬಿಡಿಯಾಗಿ ತುಂಬಬೇಡಿ, ಪೊಟ್ಟಣ ಕಟ್ಟಿ ತುಂಬಿ.

ಪೊಟ್ಟಣ ಅಂದರೆ ಪಾಲಿಸ್ಟೈರೀನ್ ನೊರೆಯ ಗುಂಡುಗಳು. ನಮಗೆ ಗೊತ್ತಿರುವ ಹೆಸರು ಥರ್ಮಾಕೋಲ್! ಗಣೇಶನ ಹಬ್ಬಕ್ಕೆ ಮಂಟಪ ಕೊಯ್ಯುತ್ತಿದ್ದೆವಲ್ಲ, ಟೀವಿ ಪೆಟ್ಟಿಗೆಯೊಳಗೆ ಬರುತ್ತಲ್ಲ, ಅದೇ. ಮುರಿದರೆ ಸಾಬಕ್ಕಿಯ ಹಾಗೆ ಕಾಳು ಕಾಳಾಗಿ ಉದುರುತ್ತೆ. ಆ ಕಾಳು ಕಾರ್ಖಾನೆಯಿಂದ ಬರುವಾಗ ಇನ್ನೂ ಚಿಕ್ಕದು, ಗಟ್ಟಿ. ಒಳಗೆ ಪೆಂಟೇನ್ ಅನ್ನುವ ಬೇಗ ಆವಿಯಾಗುವ ವಸ್ತು ಸೇರಿಸಿರುತ್ತಾರೆ. ಹಬೆ ತಗುಲಿಸಿದರೆ ಬಾಣಲೆಯಲ್ಲಿ ಅರಳು ಅರಳಿದ ಹಾಗೆ ಉಬ್ಬಿ ಹತ್ತಾರು ಪಟ್ಟು ದೊಡ್ಡದಾಗುತ್ತೆ. ಅಂದರೆ ದೂರದೂರಿಗೆ ಸಾಗಿಸುವಾಗ ಮೂಟೆ, ಉಬ್ಬಿಸಿದ ಮೇಲೆ ಬೆಟ್ಟ.

ಇಂಥ ಗುಂಡುಗಳನ್ನು ಕೊಳವೆಯಿಂದ ಹಡಗಿನ ಒಡಲಿಗೆ ಪಂಪ್ ಮಾಡಿದರು. ಗುಂಡು ಒಳಗೆ ಹೋದಷ್ಟೂ ನೀರು ಹೊರಗೆ. ತೂತು ಮುಚ್ಚುವ ರಗಳೆಯಿಲ್ಲ, ಗುಂಡಿಗಿಂತ ಚಿಕ್ಕ ತೂತಿದ್ದರೆ ನೀರು ಮಾತ್ರ ಆಚೆ ಹೋಗುತ್ತೆ. ಮೇಲೇಳುವಾಗ ಗಾಳಿಯ ಹಾಗೆ ಹಿಗ್ಗೋದೂ ಇಲ್ಲ, ಓಡಾಡೋದೂ ಇಲ್ಲ. ಒಂದೇ ಕಡೆ ಜಗ್ಗದೆ ಒಳಗಿನಿಂದ ಎಲ್ಲ ಕಡೆಯೂ ಮೆಲ್ಲಗೆ ಒತ್ತುವುದರಿಂದ ಒಡಲು ಮುರಿಯುವ ಭಯವೂ ಕಡಿಮೆ.

ಎಷ್ಟು ಗುಂಡು? ಎಲ್ಲ ಕಡೆ ಸಿಗುವ ಲೆಕ್ಕ 2 ಕೋಟಿ 70 ಲಕ್ಷ, ಒಟ್ಟು ತೂಕ 65 ಟನ್. ಈ ಲೆಕ್ಕ ಹೊಂದುತ್ತಾ ಅಂತ ನಾನೇ ಭಾಗಿಸಿ ನೋಡಿದೆ. ಒಂದು ಗುಂಡಿಗೆ ಸುಮಾರು 2.4 ಗ್ರಾಂ ಬರುತ್ತೆ. ಈಗಿನ ಟೇಬಲ್ ಟೆನಿಸ್ ಚೆಂಡು 2.7 ಗ್ರಾಂ. ಅಂದರೆ ತೂಕದಲ್ಲಿ ಹೆಚ್ಚುಕಡಿಮೆ ಪಿಂಗ್‌ಪಾಂಗ್ ಚೆಂಡೇ! ಇನ್ನು ಎತ್ತುವ ಶಕ್ತಿ. ಸಾಮಾನ್ಯ ಥರ್ಮಾಕೋಲ್ ಒಂದು ಘನ ಮೀಟರಿಗೆ 15ರಿಂದ 30 ಕಿಲೋ ತೂಗುತ್ತೆ. 30ನ್ನೇ ಹಿಡಿದರೂ 65 ಟನ್ ಅಂದರೆ ಎರಡು ಸಾವಿರ ಘನ ಮೀಟರಿಗೂ ಹೆಚ್ಚು. ಅಷ್ಟು ಜಾಗದ ಸಮುದ್ರದ ನೀರು ಎರಡು ಸಾವಿರ ಟನ್ನಿಗೂ ಮೇಲೆ ತೂಗುತ್ತೆ. ಅರವತ್ತೈದು ಟನ್ ಇಟ್ಟು ಎರಡು ಸಾವಿರ ಟನ್ ಎತ್ತೋದು! ಆರ್ಕಿಮಿಡೀಸ್ ಸ್ನಾನದ ತೊಟ್ಟಿಯಿಂದ ಎದ್ದು ಓಡಿದ್ದರಲ್ಲಿ ತಪ್ಪೇನಿಲ್ಲ ಬಿಡಿ :-)

1964 ಮುಗಿಯುವಷ್ಟರಲ್ಲಿ ಅಲ್ ಕುವೈತ್ ಮೇಲೆದ್ದು ತೇಲಿತು. ಊರಿನ ನೀರು ಉಳಿಯಿತು. ವಿಮೆ ಕಂಪನಿಗೂ ದೊಡ್ಡ ಮೊತ್ತ ಉಳಿಯಿತು.

ಈಗ ಬಾತುಕೋಳಿಯ ವಿಷಯಕ್ಕೆ ಬರೋಣ. ಕಾರ್ಲ್ ಬಾರ್ಕ್ಸ್ ಬರೆದು ಚಿತ್ರಿಸಿದ ಡೊನಾಲ್ಡ್ ಡಕ್ ಕಥೆಯೊಂದು 1949ರ ಮೇ ತಿಂಗಳಲ್ಲಿ ಬಂತು. ಅದರಲ್ಲಿ ಡೊನಾಲ್ಡ್ ಮತ್ತು ಅವನ ಅಣ್ಣತಮ್ಮಂದಿರಂಥ ಮೂವರು ಸೋದರಳಿಯಂದಿರು ಮುಳುಗಿದ ವಿಹಾರನೌಕೆಯೊಂದಕ್ಕೆ ಪಿಂಗ್‌ಪಾಂಗ್ ಚೆಂಡು ತುಂಬಿ ಮೇಲೆತ್ತುತ್ತಾರೆ. ಕುವೈತಿಗಿಂತ ಹದಿನೈದು ವರ್ಷ ಮೊದಲು! ಡೆನ್ಮಾರ್ಕಿನಲ್ಲಿ ಡೊನಾಲ್ಡನ ಪತ್ರಿಕೆ ಶುರುವಾದದ್ದೂ 1949ರಲ್ಲೇ, ಅಲ್ಲಿ ಅವನು ಮನೆಮಾತು. ಹಾಗಾಗಿ ಕ್ರೋಯರ್ ಅದನ್ನು ಓದಿಯೇ ಇರಬೇಕು ಅಂತ ಜನ ಸೇರಿಸಿಕೊಂಡರು. ಬಾತುಕೋಳಿ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು ಅಂತ ತೋರಿಸುವ ಕಾಗದ ಮಾತ್ರ ಯಾರ ಕೈಗೂ ಸಿಕ್ಕಿಲ್ಲ. ಅಲ್ಲದೆ ಬ್ರಿಟನ್ನಿನಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದೆ.

ಆದರೂ ಈ ಸುಳ್ಳಿನ ಒಳಗೊಂದು ಸತ್ಯ ಇದೆ. ಪೇಟೆಂಟ್ ಬೇಕಾದರೆ ಐಡಿಯಾ ಹೊಸದಾಗಿರಬೇಕು, ಮೊದಲೇ ಎಲ್ಲೂ ಅಚ್ಚಾಗಿರಬಾರದು. ಅಚ್ಚಾದದ್ದು ವಿಜ್ಞಾನ ಪತ್ರಿಕೆಯಲ್ಲೇ ಆಗಬೇಕು ಅಂತೇನಿಲ್ಲ. ಮಕ್ಕಳ ಕಾಮಿಕ್ಸ್ ಆದರೂ ನಡೆಯುತ್ತೆ. ಅಮೆರಿಕದಲ್ಲಿ ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಪೇಟೆಂಟ್ ಕೊಟ್ಟುಬಿಟ್ಟಿದ್ದರು, ನೆನಪಿದೆಯಾ? ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದು ಮಾಡಿಸಿತು. ಅಜ್ಜಿ ಹೇಳಿದರೆ ಸಾಲದು, ಅಜ್ಜಿ ಹೇಳಿದ್ದು ಎಲ್ಲೋ ಬರೆದಿಟ್ಟಿರಬೇಕು. ನಮ್ಮ ಮನೆಗಳಲ್ಲಿ ಬರೆದಿಡದೆ ಹೋದದ್ದು ಎಷ್ಟಿದೆಯೋ!

ಈ ಉಪಾಯ ಇಷ್ಟು ಸಲೀಸಾದರೆ ಎಲ್ಲ ಹಡಗನ್ನೂ ಹೀಗೇ ಎತ್ತಬಹುದಲ್ಲ ಅಂತ ಕೇಳಬಹುದು. 2004ರಲ್ಲಿ 'ಮಿತ್‌ಬಸ್ಟರ್ಸ್' ಕಾರ್ಯಕ್ರಮದವರು ನಿಜವಾದ ಪಿಂಗ್‌ಪಾಂಗ್ ಚೆಂಡುಗಳಿಂದಲೇ ಮುಳುಗಿದ ದೋಣಿಯೊಂದನ್ನು ಎತ್ತಿ ತೋರಿಸಿದರು. ಆದರೆ ಇದು ನಡೆಯುವುದು ನೀರು ಆಳವಿಲ್ಲದ ಕಡೆ ಮಾತ್ರ. ಟೈಟಾನಿಕ್ ಹಡಗನ್ನೂ ಚೆಂಡು ತುಂಬಿ ಎತ್ತೋಣ ಅಂದವರಿದ್ದರು. ಅದು ಬಿದ್ದಿರುವ ಸುಮಾರು 3,800 ಮೀಟರ್ ಆಳದಲ್ಲಿ ಚೆಂಡು ಹಪ್ಪಳವಾಗುತ್ತೆ.

ಇನ್ನೊಂದು ತೊಡಕು ಈಗಿನ ಕಾಲದ್ದು. ಕೋಟಿಗಟ್ಟಲೆ ಪ್ಲಾಸ್ಟಿಕ್ ಗುಂಡುಗಳನ್ನು ಸಮುದ್ರದಲ್ಲಿ ಬಳಸುತ್ತೇನೆ ಅಂದರೆ ಇವತ್ತು ಯಾರು ಒಪ್ಪುತ್ತಾರೆ? 2021ರಲ್ಲಿ ಕೊಲಂಬೊ ಹತ್ತಿರ 'ಎಕ್ಸ್-ಪ್ರೆಸ್ ಪರ್ಲ್' ಹಡಗಿಗೆ ಬೆಂಕಿ ಬಿದ್ದಾಗ ಶ್ರೀಲಂಕಾದ ತೀರದ ಮೇಲೆ ಪ್ಲಾಸ್ಟಿಕ್ ಕಾಳು ಹಿಮದ ಹಾಗೆ ಹರಡಿತು. 2025ರ ಮೇ 25ರಂದು ಕೊಚ್ಚಿಯ ಆಚೆ 'ಎಂಎಸ್‌ಸಿ ಎಲ್ಸಾ 3' ಹಡಗು 640 ಕಂಟೇನರುಗಳ ಸಮೇತ ಮಗುಚಿ ಮುಳುಗಿದಾಗ ಕೇರಳದ ಮರಳಿನಲ್ಲೂ ಅದೇ ಕಾಳು. ಜರಡಿ ಹಿಡಿದು ಆರಿಸಿದರೂ ಮುಗಿಯದು. ಒಂದು ಕಡೆ ಊರು ಕಾದ ವಸ್ತು, ಇನ್ನೊಂದು ಕಡೆ ಊರಿಗೇ ಮಾರಿ.

ಇಷ್ಟೆಲ್ಲ ಬರೆದ ಮೇಲೂ ನನ್ನ ತಲೆಯಲ್ಲಿ ಕೊರೆಯುವುದು ಕುರಿಗಳು. ಈ ಕಥೆ ಹೇಳುವವರಿಗೆಲ್ಲ ಬಾತುಕೋಳಿ ನೆನಪಿರುತ್ತೆ, ಪೇಟೆಂಟ್ ನೆನಪಿರುತ್ತೆ. ಕುರಿಗಳು 'ಸಮಸ್ಯೆ'ಯಾಗಿ ಒಂದು ಸಾಲಿನಲ್ಲಿ ಬಂದು ಹೋಗುತ್ತವೆ. ಸತ್ತ ಮೇಲೆ ಕುಡಿಯುವ ನೀರು ಕೆಡಿಸುತ್ತವೆ ಅನ್ನುವುದರಿಂದಲೇ ಅವಕ್ಕೆ ಬೆಲೆ.

ಅದು 1964ಕ್ಕೇ ಮುಗಿದಿದ್ದರೆ ಸುಮ್ಮನಿರಬಹುದಿತ್ತು. 2015ರ ಅಕ್ಟೋಬರಿನಲ್ಲಿ ಬ್ರೆಜಿಲ್‌ನ ಬಾರ್ಕರೇನಾದ ಬಂದರಿನಲ್ಲಿ 'ಹೈದರ್' ಹಡಗು ಸುಮಾರು 5,000 ದನಗಳ ಸಮೇತ ದಕ್ಕೆಯಲ್ಲೇ ಮುಳುಗಿತು. ಹೆಣಗಳು ಸುತ್ತಲಿನ ದಡಕ್ಕೆ ಬಂದು ಬಿದ್ದವು. 2019ರ ನವೆಂಬರಿನಲ್ಲಿ ರೊಮೇನಿಯಾದ ಮಿಡಿಯಾ ಬಂದರಿನಿಂದ ಹೊರಟ 'ಕ್ವೀನ್ ಹಿಂದ್' 14,000ಕ್ಕೂ ಹೆಚ್ಚು ಕುರಿಗಳ ಸಮೇತ ಬಂದರಿನ ಬಾಗಿಲಲ್ಲೇ ಮಗುಚಿತು, ಬದುಕಿದವು ಇನ್ನೂರರ ಆಸುಪಾಸು. 2022ರ ಜೂನಿನಲ್ಲಿ ಸುಡಾನಿನ ಸುವಾಕಿನ್ ದಕ್ಕೆಯಲ್ಲಿ 15,000ಕ್ಕೂ ಹೆಚ್ಚು ಕುರಿ ತುಂಬಿದ 'ಬದ್ರ್ 1' ಮುಳುಗಿತು. ಅದಕ್ಕೆ ಹೊರುವ ಶಕ್ತಿ ಇದ್ದದ್ದು 9,000 ಕುರಿಗಳಿಗೆ ಅಂತ ಆಗ ವರದಿಯಾಗಿತ್ತು.

ಇಂಥ ಹಡಗುಗಳಲ್ಲಿ ಎಷ್ಟೋ ಮೊದಲು ಬೇರೆ ಸರಕು ಹೊರುತ್ತಿದ್ದ ಮುದಿ ಹಡಗುಗಳು. ಮೇಲೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿ ದೊಡ್ಡಿ ಮಾಡಿರುತ್ತಾರೆ. ಭಾರವೆಲ್ಲ ಎತ್ತರದಲ್ಲಿ. ಅಕ್ಕಿಮೂಟೆಯಾದರೆ ಕಟ್ಟಿಟ್ಟ ಕಡೆ ಇರುತ್ತೆ. ಜೀವ ಇರುವ ಸರಕು ಹಾಗಲ್ಲ, ಹಡಗು ವಾಲಿದರೆ ಹೆದರಿ ಜಾರಿ ವಾಲಿದ ಕಡೆಗೇ ರಾಶಿ ಬೀಳುತ್ತೆ. ಅಲ್ಲಿಗೆ ಮುಗಿಯಿತು.

2020ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ಕುರಿ ತುಂಬಲು ಬಂದ ಹಡಗೊಂದರ ಸಿಬ್ಬಂದಿಗೆ ಕೋವಿಡ್ ಅಂತ ಸುದ್ದಿಯಾಯಿತು. ಅದಕ್ಕಾಗಿ ದಡದಲ್ಲಿ ಕಾಯುತ್ತಿದ್ದ ಕುರಿಗಳು ಸುಮಾರು 56,000. ಹಡಗಿನ ಹೆಸರು ಮತ್ತೆ 'ಅಲ್ ಕುವೈತ್'! ಹೆಸರು ಅದೇ, ಸರಕು ಅದೇ, ಲೆಕ್ಕ ಮಾತ್ರ ಹತ್ತು ಪಟ್ಟು. ಆಸ್ಟ್ರೇಲಿಯಾ 2024ರಲ್ಲಿ ಕಾನೂನು ಮಾಡಿ, 2028ರ ಮೇ 1ರಿಂದ ಜೀವಂತ ಕುರಿಗಳನ್ನು ಹಡಗಿನಲ್ಲಿ ಕಳಿಸುವುದನ್ನು ನಿಲ್ಲಿಸುವುದಾಗಿ ಹೇಳಿದೆ. ಕುರಿ ಸಾಕುವವರ ವಿರೋಧವೂ ಇದೆ, ಅವರ ಹೊಟ್ಟೆಪಾಡಿನ ಪ್ರಶ್ನೆ ಅದು. ನಾನು ಮಾಂಸ ತಿನ್ನುವವರ ಮೇಲೆ ಹರಿಹಾಯಲು ಇದನ್ನು ಬರೆಯುತ್ತಿಲ್ಲ. ಊರಲ್ಲೇ ಕಡಿದು, ತಣ್ಣಗೆ ಮಾಡಿ, ಮಾಂಸವನ್ನೇ ಕಳಿಸಬಹುದಾದ ಕಾಲದಲ್ಲಿ ಜೀವವನ್ನು ವಾರಗಟ್ಟಲೆ ಸಮುದ್ರದ ಮೇಲೆ ತೂಗಾಡಿಸುವುದು ಯಾಕೆ ಅನ್ನುವುದಷ್ಟೇ ನನ್ನ ತಕರಾರು.

ಮುಳುಗಿದ ಹಡಗನ್ನು ಎತ್ತುವುದಕ್ಕೆ ಬುದ್ಧಿ ಬೇಕು, ಕ್ರೋಯರ್‌ಗೆ ಅದು ಧಾರಾಳವಾಗಿತ್ತು. ಮುಳುಗದ ಹಾಗೆ ತುಂಬುವುದಕ್ಕೆ ಅಷ್ಟೆಲ್ಲ ಬುದ್ಧಿ ಬೇಡ. ಎಷ್ಟು ಸಾಕು ಅನ್ನುವುದು ಗೊತ್ತಿದ್ದರೆ ಆಯಿತು.

ಇನ್ನೊಮ್ಮೆ ಯಾರಾದರೂ ಈ ಬಾತುಕೋಳಿ ಕಥೆ ಹೇಳಿದರೆ ಪೂರ್ತಿ ಕೇಳಿ, ನಗಿ. ಆಮೇಲೆ ಮೆಲ್ಲಗೆ ಒಂದು ಪ್ರಶ್ನೆ ಕೇಳಿ ನೋಡಿ, "ಆ ಹಡಗಿನಲ್ಲಿ ಏನು ತುಂಬಿದ್ದರು?" ಅಂತ. ಏನು ಉತ್ತರ ಬಂತು ಅಂತ ನನಗೂ ತಿಳಿಸಿ.