ಹಾರಿ ಬಂದದ್ದೇ ಪುರಾವೆ: ಸ್ವನಿರ್ಮಿತ ವಿಮಾನ, ರೋಟರಿ ಎಂಜಿನ್ ಮತ್ತು ಆಶ್‌ಕಾಶ್ ಮೇಳ

ವಿಮಾನ ಎಂಜಿನ್‌ಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕಾರ್ಖಾನೆಗಳ ಚರಿತ್ರೆಯಾಗಿಯೇ ಬರೆಯಲಾಗಿದೆ. ಯಾವ ಕಂಪನಿ ಯಾವ ವರ್ಷ ಏನನ್ನು ತಯಾರಿಸಿತು, ಸರ್ಕಾರ ಅದಕ್ಕೆ ಯಾವಾಗ ಪ್ರಮಾಣಪತ್ರ ಕೊಟ್ಟಿತು ಎಂಬುದೇ ಅದರ ಚೌಕಟ್ಟು. ಮಜ್ದಾ ಕಾರಿಗೆಂದು ತಯಾರಾದ ವಾಂಕೆಲ್ ರೋಟರಿ ಎಂಜಿನ್, ಅಮೆರಿಕದ ಹವ್ಯಾಸಿಗಳ ಗ್ಯಾರೇಜುಗಳಲ್ಲಿ ವಿಮಾನದ ಎಂಜಿನ್ ಆಗಿ ಮಾರ್ಪಟ್ಟ ಕಥೆ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಪ್ರಮಾಣಪತ್ರವಿಲ್ಲದ ಈ ಎಂಜಿನ್ ನಂಬಿಕೆಗೆ ಅರ್ಹವೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಅದು ತನ್ನ ಬಲದಿಂದಲೇ ಹಾರಿ ವಿಮಾನ ಮೇಳವನ್ನು ತಲುಪಿದಾಗ ಎಂಬುದು ಈ ಲೇಖನದ ವಾದ.

ಪೂರ್ವರಂಗ: ರೀಮ್ಸ್, 1909

ಮೇಳವೇ ಎಂಜಿನ್‌ನ ಪರೀಕ್ಷಾ ಕಣವಾದದ್ದು ಹೊಸತೇನಲ್ಲ. 1909ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ನಡೆದ ಮೇಳದಲ್ಲಿ ವಿಮಾನಚಾಲಕ ಆಂರಿ ಫರ್ಮಾನ್, ತಮ್ಮ ವಿಮಾನಕ್ಕೆ ಸೆಗ್ಯಾಂ ಸಹೋದರರ 50 ಅಶ್ವಶಕ್ತಿಯ ನೋಮ್ ಎಂಜಿನ್ ಕೂರಿಸಿಕೊಂಡು 180 ಕಿ.ಮೀ. ಹಾರಿ ದೂರದ ಬಹುಮಾನ ಗೆದ್ದರು. ಅದೂ ರೋಟರಿ ಎಂಜಿನ್ನೇ. ಆದರೆ ಅದರಲ್ಲಿ ಸಿಲಿಂಡರುಗಳೇ ಪ್ರೊಪೆಲ್ಲರಿನ ಜೊತೆ ಸುತ್ತುತ್ತಿದ್ದವು. ಆ ಗೆಲುವಿನ ನಂತರ ನೋಮ್‌ಗೆ ಯುರೋಪಿನಾದ್ಯಂತ ಬೇಡಿಕೆ ಬಂತು.

ವಾಂಕೆಲ್‌ನಿಂದ ಮಜ್ದಾವರೆಗೆ

ಜರ್ಮನಿಯ ಫೆಲಿಕ್ಸ್ ವಾಂಕೆಲ್ ತಮ್ಮ ಮೊದಲ ಪೇಟೆಂಟ್ ಪಡೆದದ್ದು 1929ರಲ್ಲಿ. ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಮಾದರಿ ಓಡಿದ್ದು 1957ರ ಫೆಬ್ರುವರಿಯಲ್ಲಿ. ಮೂರು ಮೂಲೆಯ ರೋಟರ್ ಗೂಡಿನೊಳಗೆ ಸುತ್ತುತ್ತಲೇ ಗಾಳಿ ಎಳೆದು, ಒತ್ತಿ, ಉರಿಸಿ, ಹೊಗೆ ಹೊರದಬ್ಬುತ್ತದೆ. ಕವಾಟಗಳಿಲ್ಲ, ಮೇಲೆ ಕೆಳಗೆ ಬಡಿಯುವ ಪಿಸ್ಟನ್ನೂ ಇಲ್ಲ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ಬಂದಿರುತ್ತದೆ.

ವಿಮಾನರಂಗ ಇದನ್ನು ಬೇಗನೆ ಗಮನಿಸಿತು. ಅಮೆರಿಕದ ಕರ್ಟಿಸ್-ರೈಟ್ 1958ರಲ್ಲಿ ಪರವಾನಗಿ ಪಡೆಯಿತು. 1960ರ ದಶಕದ ಕೊನೆಗೆ ಅದರ ಎಂಜಿನ್ ಲಾಕ್‌ಹೀಡ್‌ನ ಸದ್ದಡಗಿಸಿದ ಕ್ಯೂ-ಸ್ಟಾರ್ ವಿಮಾನದಲ್ಲಿ ಹಾರಿತು. ಆದರೆ 1973ರಲ್ಲಿ ತೈಲ ಬಿಕ್ಕಟ್ಟು ಎರಗಿತು. ಉದ್ದನೆಯ ದಹನಕೋಣೆಯಿಂದಾಗಿ ಹೆಚ್ಚು ಇಂಧನ ಕುಡಿಯುವ ಈ ಎಂಜಿನ್ನನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು. ಕೈಬಿಡದೆ ಉಳಿದದ್ದು ಮಜ್ದಾ. ರೋಟರಿನ ಮೂಲೆಗಳ ಸೀಲುಗಳು ಗೂಡಿನ ಒಳಮೈಯನ್ನು ಗೀರುತ್ತಿದ್ದ ದೋಷವನ್ನು ಅದರ ಕೆನಿಚಿ ಯಮಾಮೊಟೊ ಅವರ ತಂಡ ಮೊದಲೇ ನಿವಾರಿಸಿತ್ತು. 1967ರಲ್ಲಿ ಕಾಸ್ಮೊ ಸ್ಪೋರ್ಟ್, 1978ರಲ್ಲಿ ಆರ್‌ಎಕ್ಸ್-7 ಮಾರುಕಟ್ಟೆಗೆ ಬಂದವು. ಮುಂದೆ ಹಳೆಯ ಆರ್‌ಎಕ್ಸ್-7ಗಳು ಗುಜರಿ ಸೇರತೊಡಗಿದಾಗ, ಎರಡು ರೋಟರಿನ, 1,308 ಸಿಸಿಯ 13ಬಿ ಎಂಜಿನ್ ಹವ್ಯಾಸಿಗಳ ಕೈಗೆಟಕುವ ಬೆಲೆಗೆ ಸಿಕ್ಕಿತು.

ಗ್ಯಾರೇಜಿನ ಪ್ರಯೋಗಶಾಲೆ

ಪಾಲ್ ಪೊಬೆರೆಜ್ನಿ 1953ರಲ್ಲಿ ಮಿಲ್ವಾಕಿಯಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಹವ್ಯಾಸಿ ವಿಮಾನ ನಿರ್ಮಾಪಕರ ಸಂಘ ಕಟ್ಟಿದರು. ಮೊದಲ ಮೇಳ ನಡೆದದ್ದೂ ಅದೇ ವರ್ಷ. ಅದು 1959ರಲ್ಲಿ ರಾಕ್‌ಫರ್ಡ್‌ಗೆ, 1970ರಲ್ಲಿ ವಿಸ್ಕಾನ್ಸಿನ್‌ನ ಆಶ್‌ಕಾಶ್‌ಗೆ ಸ್ಥಳಾಂತರಗೊಂಡಿತು. ಬಹುಪಾಲು ಕೆಲಸವನ್ನು ಹವ್ಯಾಸಿಯೇ ಮಾಡಿದ್ದರೆ ಆ ವಿಮಾನಕ್ಕೆ ಯಾವ ಎಂಜಿನ್ ಬೇಕಾದರೂ ಹಾಕಬಹುದು ಎಂಬ ಅಮೆರಿಕದ ನಿಯಮ ರೋಟರಿಗೆ ಬಾಗಿಲು ತೆರೆಯಿತು. ಪ್ರಮಾಣಿತ ಎಂಜಿನ್ ಮತ್ತು ಪ್ರೊಪೆಲ್ಲರ್ ಇರುವ ವಿಮಾನಕ್ಕೆ ವಾಡಿಕೆಯಾಗಿ 25 ಗಂಟೆಗಳ ಪರೀಕ್ಷಾ ಹಾರಾಟ ಸಾಕಾದರೆ, ಕಾರಿನ ಎಂಜಿನ್ ಹಾಕಿದವರು ಗೊತ್ತುಪಡಿಸಿದ ಪ್ರದೇಶದೊಳಗೇ 40 ಗಂಟೆ ಹಾರಿಸಬೇಕಿತ್ತು. ದೂರದ ಮೇಳಕ್ಕೆ ಹೊರಡುವ ಮಾತು ಅದಾದ ಮೇಲೆಯೇ.

ಮುಖ್ಯ ತೊಡಕುಗಳು ಎರಡು. ಮೊದಲನೆಯದು ವೇಗ. 13ಬಿ ತನ್ನ ಬಲ ತೋರುವುದು ನಿಮಿಷಕ್ಕೆ 6,000 ಸುತ್ತುಗಳ ಆಸುಪಾಸಿನಲ್ಲಿ. ಪ್ರೊಪೆಲ್ಲರಿಗೆ 2,700ರ ಸುಮಾರು ಸಾಕು. ಆದ್ದರಿಂದ ನಡುವೆ ವೇಗ ತಗ್ಗಿಸುವ ಗೇರುಪೆಟ್ಟಿಗೆ ಬೇಕಾಯಿತು. ಕಾರುಗಳ ಆಟೊಮ್ಯಾಟಿಕ್ ಗೇರುಪೆಟ್ಟಿಗೆಯ ಹಲ್ಲುಚಕ್ರಗಳನ್ನೇ ಬಳಸಿ ಅದನ್ನು ತಯಾರಿಸಿಕೊಂಡರು.

ಎರಡನೆಯದು, ಇನ್ನೂ ಕಠಿಣವಾದದ್ದು, ಶಾಖ. ರೋಟರಿಯ ಶಾಖದ ದೊಡ್ಡ ಪಾಲು ಆಯಿಲ್‌ಗೇ ಸೇರುವುದರಿಂದ ನೀರಿನ ರೇಡಿಯೇಟರ್ ಒಂದಿದ್ದರೆ ಸಾಲದು. ದೊಡ್ಡ ಆಯಿಲ್ ಕೂಲರ್ ಸಹ ಬೇಕು. ಇಕ್ಕಟ್ಟಾದ ಮೂತಿಯಲ್ಲಿ ಇವೆರಡಕ್ಕೂ ಜಾಗ ಹುಡುಕಬೇಕು. ಕೆಲವರು ಜನರಲ್ ಮೋಟಾರ್ಸ್ ಕಾರುಗಳ ಎ.ಸಿ. ಇವ್ಯಾಪೊರೇಟರುಗಳನ್ನು ಬಿಚ್ಚಿ ತಂದು ರೇಡಿಯೇಟರುಗಳಾಗಿ ಬಳಸಿದರು. ಗಾಳಿ ಒಳಹೋಗುವ ಕೊಳವೆಯ ಬಾಯಿ ಎಷ್ಟಿರಬೇಕು, ಅದು ಹೇಗೆ ಅಗಲವಾಗುತ್ತ ಹೋಗಬೇಕು ಎಂದು ತಿಳಿಯಲು ಕ್ಯೂಕೆಮಾನ್ ಮತ್ತು ವೆಬರ್ 1953ರಲ್ಲಿ ಬರೆದ ವಾಯುಗತಿಶಾಸ್ತ್ರದ ಗ್ರಂಥವನ್ನು ಓದಿದರು. ಶಾಸ್ತ್ರ ಮತ್ತು ಗುಜರಿ ಇಷ್ಟು ಹತ್ತಿರ ಬಂದ ನಿದರ್ಶನ ಅಪರೂಪ.

ಇಷ್ಟು ಶ್ರಮಕ್ಕೆ ಕಾರಣವೂ ಇತ್ತು. ಪ್ರತಿ ರೋಟರಿಗೆ ಎರಡು ಸ್ಪಾರ್ಕ್ ಪ್ಲಗ್‌ಗಳಿವೆ. ಎಂಜಿನ್ ವಿಪರೀತ ಕಾದರೂ ಅಲ್ಯೂಮಿನಿಯಂ ಗೂಡು ಕಬ್ಬಿಣದ ರೋಟರಿಗಿಂತ ಹೆಚ್ಚು ಹಿಗ್ಗುವುದರಿಂದ ರೋಟರ್ ಕಚ್ಚಿಕೊಳ್ಳುವ ಸಂಭವ ಕಡಿಮೆ. ಸೀಲ್ ಸವೆದರೆ ಶಕ್ತಿ ಕುಂದುತ್ತದೆ, ಆದರೆ ಎಂಜಿನ್ ಸಾಮಾನ್ಯವಾಗಿ ಒಮ್ಮೆಲೇ ನಿಲ್ಲುವುದಿಲ್ಲ. ಆಕಾಶದಲ್ಲಿರುವವನಿಗೆ ಈ ಗುಣ ಅಮೂಲ್ಯ.

ಮೇಳವೆಂಬ ಪರೀಕ್ಷೆ

ಆಶ್‌ಕಾಶ್‌ಗೆ ಹಾರಿ ಬರುವವರು ರಿಪಾನ್ ಊರಿನ ಮೇಲಿಂದ ರೈಲುಹಳಿ ಹಿಡಿದು ಫಿಸ್ಕ್ ಕಡೆಗೆ ಸಾಗಬೇಕು. ಸಮುದ್ರಮಟ್ಟದಿಂದ 1,800 ಅಡಿ ಎತ್ತರ, 90 ನಾಟ್ ವೇಗ, ಒಂದರ ಹಿಂದೊಂದು ಸಾಲು. ಪೈಲಟ್ ರೇಡಿಯೊದಲ್ಲಿ ಮಾತಾಡುವಂತಿಲ್ಲ. ಕೆಳಗಿನ ನಿಯಂತ್ರಕರು ವಿಮಾನದ ಬಣ್ಣ ಗುರುತಿಸಿ ಕರೆದಾಗ ರೆಕ್ಕೆ ಅಲುಗಿಸಿ ಉತ್ತರಿಸಬೇಕು. ನೀರಿನಿಂದ ತಣಿಯುವ ಎಂಜಿನ್‌ಗೆ ಇದು ಕಠಿಣ ಸನ್ನಿವೇಶ. ವೇಗ ತಗ್ಗಿದಾಗ ರೇಡಿಯೇಟರಿಗೆ ನುಗ್ಗುವ ಗಾಳಿಯೂ ತಗ್ಗುತ್ತದೆ. ಇಳಿದ ಮೇಲೂ ಬೇಸಿಗೆಯ ಬಿಸಿಲಲ್ಲಿ ಉದ್ದನೆಯ ಟ್ಯಾಕ್ಸಿ ಸಾಲು ಕಾದಿರುತ್ತದೆ. ಅಲ್ಲಿ ತಾಪಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಆ ಕೊಳವೆ ವಿನ್ಯಾಸ ಗೆದ್ದಂತೆ.

ವಿಮಾನ ನಿಂತ ಕೂಡಲೇ ಎಂಜಿನ್‌ನ ಮುಚ್ಚಳ ತೆರೆದುಕೊಳ್ಳುತ್ತದೆ. ಸುತ್ತ ನೆರೆದವರು ಮೆದುಗೊಳವೆಯ ಬಿಗಿಪಟ್ಟಿಯಿಂದ ಹಿಡಿದು ವೈರಿಂಗ್‌ವರೆಗೆ ಎಲ್ಲವನ್ನೂ ಕೆದಕಿ ಕೇಳುತ್ತಾರೆ. ತೊಂದರೆ ಬಂದದ್ದು ಹೆಚ್ಚಾಗಿ ರೋಟರಿನಿಂದಲ್ಲ, ಅದಕ್ಕೆ ಜೋಡಿಸಿದ ಇಂಧನ, ತಂಪು ಮತ್ತು ವಿದ್ಯುತ್ ವ್ಯವಸ್ಥೆಗಳಿಂದ ಎಂಬ ತಿಳಿವಳಿಕೆ ಮೂಡಿದ್ದು ಇಂಥ ಮುಕ್ತ ಮಾತುಕತೆಗಳಲ್ಲೇ.

ಕೋಲಾರದ ಕೊಂಡಿ

ಇದೇ ತತ್ವದ ಎಂಜಿನ್‌ಗೆ ನಮ್ಮಲ್ಲಿ ಬೇರೆಯೇ ದಾರಿ ಸಿಕ್ಕಿತು. ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಎಂಬ ಸರ್ಕಾರಿ ಪ್ರಯೋಗಾಲಯಗಳು ಸೇರಿ ರೂಪಿಸಿದ 55 ಅಶ್ವಶಕ್ತಿಯ ವಾಂಕೆಲ್ ಎಂಜಿನ್, 2009ರಲ್ಲಿ ಕೋಲಾರದಲ್ಲಿ ನಿಶಾಂತ್ ಎಂಬ ಚಾಲಕರಹಿತ ವಿಮಾನವನ್ನು ಹಾರಿಸಿತು. ಇಲ್ಲಿ ಸರ್ಕಾರಿ ಪ್ರಯೋಗಾಲಯಗಳ ಕಡತಗಳಲ್ಲಿ ದಾಖಲಾದ ಜ್ಞಾನ, ಅಮೆರಿಕದಲ್ಲಿ ಬಿಡಿ ಬಿಡಿ ವ್ಯಕ್ತಿಗಳ ಲಾಗ್‌ಪುಸ್ತಕಗಳಲ್ಲಿ ಹಂಚಿಹೋಗಿದೆ.

ಸಮಾರೋಪ

ಸಂಖ್ಯೆಯ ದೃಷ್ಟಿಯಿಂದ ರೋಟರಿ ವಿಮಾನಗಳು ಎಂದೂ ಸಾಂಪ್ರದಾಯಿಕ ಲೈಕಮಿಂಗ್ ಪಿಸ್ಟನ್ ಎಂಜಿನ್‌ನ ವಿಮಾನಗಳಿಗೆ ಸಾಟಿಯಾಗಲಿಲ್ಲ. ಮಜ್ದಾದ ರೋಟರಿ ಎಂಜಿನ್‌ನ ಆರ್‌ಎಕ್ಸ್-8 ಕಾರಿನ ಉತ್ಪಾದನೆಯೂ 2012ರಲ್ಲಿ ನಿಂತಿತು. ಹಾಗೆಂದು ಇದನ್ನು ಸೋಲಿನ ಕಥೆ ಎನ್ನುವುದು ಅವಸರದ ತೀರ್ಮಾನ. ಒಂದು ಕ್ಲಿಷ್ಟ ಯಂತ್ರವನ್ನು ಸಾಮಾನ್ಯ ಜನರು ಬಿಚ್ಚಿ, ಅರಿತು, ಅದರ ಮೇಲೆ ತಮ್ಮ ಪ್ರಾಣವನ್ನೇ ಪಣವಿಟ್ಟು, ಕಲಿತದ್ದನ್ನು ಬಚ್ಚಿಡದೆ ಹಂಚಿಕೊಂಡರು. ಆ ಲಾಗ್‌ಪುಸ್ತಕಗಳು, ಕೊಳವೆಯ ನಕ್ಷೆಗಳು, ತಾಪಮಾನದ ಪಟ್ಟಿಗಳು ತಂತ್ರಜ್ಞಾನ ಚರಿತ್ರೆಯ ಮೂಲ ಆಕರಗಳು. ಅವನ್ನು ಬರೆದವರು ನಮ್ಮ ನಡುವೆ ಇರುವಾಗಲೇ ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳೂ ಅವನ್ನು ಸಂಗ್ರಹಿಸಬೇಕು.