ಊರಿನ ಹೊಲಸು ಎಲ್ಲಿಗೆ ಹೋಗುತ್ತದೆ?

ಪುರಸಭೆ, ನಗರಸಭೆಗಳಲ್ಲಿ ಪರಿಸರ ಇಂಜಿನಿಯರ್ ಎಂಬ ಹುದ್ದೆ ಇರುತ್ತದೆ. ಹೆಸರು ಕೇಳಿ ಗಿಡ ನೆಡಿಸುವವರು ಅಂದುಕೊಳ್ಳುವವರೇ ಹೆಚ್ಚು. ಅವರ ಕೆಲಸ ಕುಡಿಯುವ ನೀರು, ಚರಂಡಿ, ಕಸ, ಹೊಗೆಗೆ ಸಂಬಂಧಿಸಿದ್ದು. ಈ ವಿದ್ಯೆ ಬೆಳೆದ ಬಗೆ ತಿಳಿಯಲು ನಾವು ಲಂಡನ್ನಿನ ಕಥೆ ನೋಡಬೇಕು.

1858ರ ಬೇಸಿಗೆ. ಇಡೀ ಲಂಡನ್ನಿನ ಕಕ್ಕಸಿನ ನೀರು ಥೇಮ್ಸ್ ನದಿಗೆ ಬೀಳುತ್ತಿತ್ತು. ನದಿ ಎಷ್ಟು ನಾರಿತೆಂದರೆ, ದಂಡೆಯ ಮೇಲಿದ್ದ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ ಕಟ್ಟಿದರು. ಕಾಲರಾಕ್ಕೆ ಸಾವಿರಾರು ಜನ ಸತ್ತಾಗ ಎದ್ದು ಕೂರದ ಪಾರ್ಲಿಮೆಂಟು, ತನ್ನ ಮೂಗಿಗೇ ವಾಸನೆ ಬಡಿದಾಗ ಕೆಲವೇ ವಾರಗಳಲ್ಲಿ ಕಾನೂನು ಮಾಡಿತು!

ಕೆಲಸ ಬಿದ್ದದ್ದು ಜೋಸೆಫ್ ಬಜಾಲ್ಗೆಟ್ ಎಂಬ ಇಂಜಿನಿಯರ್ ಹೆಗಲಿಗೆ. ನದಿಗೆ ಬೀಳುವ ಚರಂಡಿಗಳನ್ನೆಲ್ಲ ಅಡ್ಡಗಟ್ಟಿ, ಸುಮಾರು 132 ಕಿ.ಮೀ. ಉದ್ದದ ಇಟ್ಟಿಗೆಯ ದೊಡ್ಡ ಕಾಲುವೆಗಳನ್ನು ನೆಲದೊಳಗೆ ಕಟ್ಟಿಸಿದರು. ಇಳಿಜಾರು ಸಿಗದ ಕಡೆ ಉಗಿಯಂತ್ರದ ಪಂಪು. ರೋಗ ಬರುವುದು ಕೆಟ್ಟ ಗಾಳಿಯಿಂದ ಎಂದೇ ಆಗ ಬಹಳ ಜನ ನಂಬಿದ್ದರು. ನೀರಿನಿಂದ ಎಂದು ಡಾಕ್ಟರ್ ಜಾನ್ ಸ್ನೋ 1854ರಲ್ಲೇ ತೋರಿಸಿದ್ದರೂ ಕೇಳಿದವರು ಕಡಿಮೆ. 1866ರಲ್ಲಿ ಮತ್ತೆ ಕಾಲರಾ ಬಂದಾಗ ಹೆಚ್ಚು ಜನ ಸತ್ತದ್ದು ಹೊಸ ಚರಂಡಿ ಇನ್ನೂ ಮುಗಿಯದಿದ್ದ ಪೂರ್ವ ಲಂಡನ್ನಿನಲ್ಲಿ.

ಆದರೆ ಬಜಾಲ್ಗೆಟ್ ಹೊಲಸನ್ನು ಸಾಗಿಸಿದರೇ ಹೊರತು ಶುದ್ಧ ಮಾಡಲಿಲ್ಲ. ಊರಿನ ಕೆಳಗೆ, ಸಮುದ್ರದ ಕಡೆ, ಅದೇ ನದಿಗೆ ಬಿಟ್ಟರು. 1878ರಲ್ಲಿ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಅಲ್ಲೇ ಹತ್ತಿರ ಮುಳುಗಿ, 600ಕ್ಕೂ ಹೆಚ್ಚು ಜನ ಆ ಗಲೀಜಿನಲ್ಲೇ ಸತ್ತರು. ಆಮೇಲೆ ಗಸಿಯನ್ನು ಬೇರ್ಪಡಿಸಿ, ಹಡಗಿನಲ್ಲಿ ಸಮುದ್ರಕ್ಕೆ ಸುರಿಯತೊಡಗಿದರು. ಒಟ್ಟಿನಲ್ಲಿ ನಮ್ಮ ಕಣ್ಣಿಂದ ದೂರ ಹೋದರೆ ಸರಿ!

ದೊಡ್ಡ ಬದಲಾವಣೆ ತಂದದ್ದು ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್. 1914ರಲ್ಲಿ ಅವರು ಕೊಳಚೆ ನೀರಿಗೆ ಗಾಳಿ ಊದಿ, ತಳಕ್ಕೆ ಕೂತ ಗಸಿಯನ್ನು ಚೆಲ್ಲದೆ ಮತ್ತೆ ಹೊಸ ನೀರಿಗೆ ಬೆರೆಸುವ ವಿಧಾನ ಪ್ರಕಟಿಸಿದರು. ಗಸಿಯಲ್ಲಿರುವ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ಹಾಕುತ್ತವೆ. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲೂ ಇದೇ ವಿಧಾನ ಬಳಕೆಯಲ್ಲಿದೆ. ಅಲ್ಲಿಂದ ಬರುವ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ವರ್ಷವೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಗಿ, ನೀರು ಕೆಲಕಾಲ ನಿಂತಿತ್ತು. ಬರಿದಾಗಿದ್ದ ಕೆರೆಗಳು ತುಂಬಿದ್ದೂ ನಿಜ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಎಂಬ ಹೋರಾಟಗಾರರ ಮಾತು ನಮಗೆ ನ್ಯಾಯವಾಗಿಯೇ ಕಾಣುತ್ತದೆ. ಕೆಳಗಿನ ಊರಿನವರು ಕೇಳದಿದ್ದರೆ ಇನ್ಯಾರು ಕೇಳಬೇಕು?

ಕೇಳುವಾಗ 'ಬಿಒಡಿ ಎಷ್ಟಿದೆ?' ಎಂದು ಕೇಳಿ. ನೀರನ್ನು ಬಾಟಲಿಯಲ್ಲಿ ಭದ್ರಮಾಡಿ, 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು, ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿಂದವು ಎಂದು ಅಳೆಯುತ್ತಾರೆ. ಹೊಲಸು ಹೆಚ್ಚಿದ್ದಷ್ಟೂ ಆ ಅಂಕಿ ದೊಡ್ಡದು. ಆದರೆ ಭಾರಲೋಹ ಇದೆಯೇ ಎಂಬುದು ಇದರಲ್ಲಿ ತಿಳಿಯುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಆಗಬೇಕು. ಎರಡರ ವರದಿಯನ್ನೂ ಕೇಳಿ ಪಡೆಯಿರಿ.